ವೋಟಿನ ಜೊತೆಗೊಂದು ನೋಟು

ಚುನಾವಣೆ ಬಂತೆಂದರೆ ನಮ್ಮಲ್ಲಿ ಹಣ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅಭ್ಯರ್ಥಿ ಕೊಡುತ್ತಾನೆ, ಮತದಾರ ತೆಗೆದುಕೊಳ್ಳುತ್ತಾನೆ. ಬೈಕ್ ರ‍್ಯಾಲಿಗೆ ಬರುವ ಹುಡುಗರ ಗಾಡಿಗೆ ಪೆಟ್ರೋಲ್, ಮಧ್ಯಾಹ್ನಕ್ಕೆ ಬಿರಿಯಾನಿ, ಸಂಜೆಗೆ ದಿನದ ಕೂಲಿ. ಬಾವುಟ ಹಿಡಿದು ಘೋಷಣೆ ಕೂಗಿದ ಆ ಹುಡುಗರು ಫಲಿತಾಂಶ ಬಂದ ಮೇಲೆ ಯಾರನ್ನೂ ಏನನ್ನೂ ಕೇಳುವಂತಿಲ್ಲ. ಕೂಲಿ ಚುಕ್ತಾ ಆಗಿದೆ, ಸಂಬಂಧ ಅಲ್ಲಿಗೆ ಮುಗಿದಿದೆ.

ಯುವಜನರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂದು ದೂರುವವರು ಮೊದಲು ಈ ಲೆಕ್ಕವನ್ನು ನೋಡಬೇಕು. ಆಸಕ್ತಿ ಇಲ್ಲದಿರುವುದಕ್ಕಿಂತ ಅವರಿಗೆ ಜಾಗ ಇಲ್ಲದಿರುವುದೇ ಹೆಚ್ಚು. ದೊಡ್ಡ ದುಡ್ಡಿನವರು ಕಟ್ಟಿದ ಮನೆಯಲ್ಲಿ ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು ಅತಿಥಿಗಳಾಗಬಹುದು, ಆಳುಗಳಾಗಬಹುದು, ಯಜಮಾನರಾಗುವುದು ಕಷ್ಟ. ಹಣದ ದಿಕ್ಕನ್ನೇ ತಿರುಗಿಸಿದರೆ ಏನಾಗುತ್ತದೆ? ಯುವಕರಿಗೆ ಕೈಯೆಟಕುವ ಬೆಲೆಗೆ, ಅವರಿಗೆ ಇಷ್ಟವಾಗುವ ರೀತಿಯಲ್ಲಿ ಅವರಿಂದಲೇ ಚುನಾವಣೆಗೆ ಹಣ ಎತ್ತಿದರೆ? ಈ ಪ್ರಯೋಗವನ್ನು ಹಲವರು ಮಾಡಿ ನೋಡಿದ್ದಾರೆ. ಕೆಲವರು ಗೆದ್ದಿದ್ದಾರೆ, ಕೆಲವರು ಹೀನಾಯವಾಗಿ ಸೋತಿದ್ದಾರೆ. ಎರಡರಿಂದಲೂ ಕಲಿಯುವುದಿದೆ.

ಟಿಕೆಟ್ಟೇ ದೇಣಿಗೆ

1975ರ ನವೆಂಬರ್ ಕೊನೆಯ ವಾರ. ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್ ನಗರದಲ್ಲಿ ಆಲ್ಮನ್ ಬ್ರದರ್ಸ್ ತಂಡದ ರಾಕ್ ಸಂಗೀತ ಕಾರ್ಯಕ್ರಮ. ಆ ಕಾಲದ ಅಮೆರಿಕದ ಯುವಕರ ಕಣ್ಮಣಿಗಳಾಗಿದ್ದ ತಂಡ ಅದು. ಟಿಕೆಟ್ ಹಣ ಹೋಗಿದ್ದು ಒಬ್ಬ ರಾಜಕಾರಣಿಯ ಪ್ರಚಾರ ನಿಧಿಗೆ. ಆತ ಜಾರ್ಜಿಯಾ ರಾಜ್ಯದ ಮಾಜಿ ಗವರ್ನರ್, ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತೇನೆಂದು ಆತ ಘೋಷಿಸಿ ಹೆಚ್ಚುಕಡಿಮೆ ಒಂದು ವರ್ಷವಾಗಿದ್ದರೂ, ‘ಯಾವ ಜಿಮ್ಮಿ?’ ಎಂದೇ ಜನ ಕೇಳುತ್ತಿದ್ದರು.

ರಾಜಕಾರಣಕ್ಕೂ ರಾಕ್ ಸಂಗೀತಕ್ಕೂ ಈ ನಂಟು ಬೆಳೆಯಲು ಒಂದು ಕಾನೂನು ಕಾರಣ. ವಾಟರ್‌ಗೇಟ್ ಹಗರಣದ ನಂತರ 1974ರಲ್ಲಿ ಅಮೆರಿಕದ ಸಂಸತ್ತು ಚುನಾವಣಾ ಹಣಕ್ಕೆ ಕಡಿವಾಣ ಹಾಕಿತು. ಯಾವುದೇ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಯಲ್ಲಿ 1,000 ಡಾಲರ್‌ಗಿಂತ ಹೆಚ್ಚು ಕೊಡುವಂತಿಲ್ಲ ಎಂದಾಯಿತು. ಜೊತೆಗೆ ಸಣ್ಣ ದೇಣಿಗೆಗೆ ಸರ್ಕಾರವೇ ಸಮನಾದ ಹಣ ಸೇರಿಸುವ ವ್ಯವಸ್ಥೆ ಬಂತು. ಒಬ್ಬ ವ್ಯಕ್ತಿ ಕೊಟ್ಟಿದ್ದರಲ್ಲಿ ಮೊದಲ 250 ಡಾಲರ್‌ವರೆಗೆ ಮಾತ್ರ ಈ ಸೌಲಭ್ಯ. ಅದನ್ನು ಪಡೆಯಬೇಕಾದರೆ ಅಭ್ಯರ್ಥಿ ಕನಿಷ್ಠ 20 ರಾಜ್ಯಗಳಲ್ಲಿ, ಪ್ರತಿ ರಾಜ್ಯದಲ್ಲೂ 5,000 ಡಾಲರ್ ಸಂಗ್ರಹಿಸಿ ತೋರಿಸಬೇಕು, ಅದೂ ಇಂಥ ಸಣ್ಣ ಮೊತ್ತಗಳಲ್ಲೇ.

ಶ್ರೀಮಂತ ಗೆಳೆಯರಿದ್ದವರಿಗೆ ಇದರಿಂದ ಕೈ ಕಟ್ಟಿದಂತಾಯಿತು. ಕಾರ್ಟರ್‌ಗೆ ಮಾತ್ರ ದಾರಿ ತೆರೆಯಿತು. ಜಾರ್ಜಿಯಾದ ಮೇಕನ್ ಊರಿನಲ್ಲಿ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ನಡೆಸುತ್ತಿದ್ದ ಫಿಲ್ ವಾಲ್ಡನ್, ಕಾರ್ಟರ್ ಅವರ ಸ್ನೇಹಿತ. ವಾಲ್ಡನ್ ತಮ್ಮ ಜೇಬಿನಿಂದ 1,000 ಡಾಲರ್ ದಾಟಿ ಕೊಡುವಂತಿರಲಿಲ್ಲ. ಆದರೆ ಕಲಾವಿದರು ಸಂಭಾವನೆ ಪಡೆಯದೆ ಹಾಡಿದರೆ ಅದು ಸ್ವಯಂಸೇವೆ, ಕಾನೂನಿನ ಕಣ್ಣಲ್ಲಿ ದೇಣಿಗೆಯಲ್ಲ. ಕೇಳಲು ಬಂದವರು ಕೊಂಡ ಒಂದೊಂದು ಟಿಕೆಟ್ಟೂ ಒಂದೊಂದು ದೇಣಿಗೆ. ಒಂದು ಸಭಾಂಗಣ ತುಂಬಿದರೆ ಒಂದೇ ರಾತ್ರಿಯಲ್ಲಿ ಸಾವಿರಾರು ಸಣ್ಣ ದಾನಿಗಳು ಸಿಕ್ಕಂತೆ. ಆಲ್ಮನ್ ಬ್ರದರ್ಸ್, ಮಾರ್ಷಲ್ ಟಕರ್ ಬ್ಯಾಂಡ್, ಚಾರ್ಲಿ ಡೇನಿಯಲ್ಸ್ ಮುಂತಾದವರು ಹೀಗೆ ಕಾರ್ಟರ್‌ಗಾಗಿ ವೇದಿಕೆ ಹತ್ತಿದರು.

ಇದರ ಒಳಗುಟ್ಟು ಇರುವುದು ಟಿಕೆಟ್ಟಿನಲ್ಲಿ. ಸರ್ಕಾರದ ಹಣ ಬೇಕೆಂದರೆ ಕೊಟ್ಟವರ ಹೆಸರು, ವಿಳಾಸ ದಾಖಲೆಯಲ್ಲಿರಬೇಕು. ಅಮೆರಿಕದ ಚುನಾವಣಾ ಆಯೋಗದ ನಿಯಮಗಳು ಇಂಥ ಕಾರ್ಯಕ್ರಮಗಳ ಬಗ್ಗೆ ಹೇಳುವುದು ಸ್ಪಷ್ಟವಾಗಿದೆ: ಟಿಕೆಟ್ ಹಣ ಇಂಥ ಅಭ್ಯರ್ಥಿಗೆ ಸಲ್ಲುವ ದೇಣಿಗೆ ಎಂಬುದನ್ನು ಟಿಕೆಟ್ ಮೇಲೂ ಪ್ರಚಾರ ಸಾಮಗ್ರಿಯ ಮೇಲೂ ಅರ್ಥವಾಗುವಂತೆ ಅಚ್ಚು ಹಾಕಿಸಬೇಕು. ಲಾಟರಿ ಚೀಟಿ ಮಾರಿ ಎತ್ತಿದ ಹಣಕ್ಕೆ ಸರ್ಕಾರ ಜೊತೆ ಹಣ ಕೊಡುವುದಿಲ್ಲ. ಅಂದರೆ ಹಾಡು ಕೇಳಲು ಬಂದ ಇಪ್ಪತ್ತರ ಹುಡುಗಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರಬೇಕು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಅವಳ ಹೆಸರು ಪ್ರಚಾರ ಕಚೇರಿಯ ಪಟ್ಟಿಯಲ್ಲಿ ಇರುತ್ತಿತ್ತು. ನಾಳೆ ಮನೆಮನೆಗೆ ಹೋಗಿ ಕರಪತ್ರ ಹಂಚುತ್ತೀಯಾ ಎಂದು ಕೇಳಲು ಪಕ್ಷಕ್ಕೆ ಒಂದು ನೆಪ ಸಿಗುತ್ತಿತ್ತು.

ಮುಂದಿನದು ಇತಿಹಾಸ. 1976ರ ನವೆಂಬರ್‌ನಲ್ಲಿ ಕಾರ್ಟರ್ 297 ಎಲೆಕ್ಟೋರಲ್ ಮತ ಪಡೆದು ಅಧ್ಯಕ್ಷರಾದರು. ಸಂಗೀತವೊಂದೇ ಅವರನ್ನು ಗೆಲ್ಲಿಸಿತು ಎಂದರೆ ಅತಿಶಯೋಕ್ತಿ. ಆದರೆ ಪ್ರಚಾರದ ಮೊದಲ ದಿನಗಳ ಹಣದ ಬರದಲ್ಲಿ ಅವರ ಗಾಡಿ ನಿಲ್ಲದಂತೆ ನೋಡಿಕೊಂಡವರಲ್ಲಿ ಟಿಕೆಟ್ ಕೊಂಡ ಆ ಯುವಕರೂ ಸೇರಿದ್ದರು ಎಂಬುದು ದಿಟ.

ಚಪ್ಪಾಳೆ ಮತವಾಗದಾಗ

ಕಾರ್ಟರ್‌ಗಿಂತ ನಾಲ್ಕು ವರ್ಷ ಮೊದಲೇ ಇದೇ ದಾರಿ ಹಿಡಿದು ಸೋತವರು ಜಾರ್ಜ್ ಮೆಕ್‌ಗವರ್ನ್. ವಿಯೆಟ್ನಾಂ ಯುದ್ಧವನ್ನು ನಿಲ್ಲಿಸಬೇಕೆಂದು ಪಟ್ಟು ಹಿಡಿದಿದ್ದ ಸೆನೆಟರ್ ಅವರು. 1971ರ ಜುಲೈನಲ್ಲಿ ಅಮೆರಿಕ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತ್ತು. ಯುದ್ಧಕ್ಕೆ ಹೋಗಿ ಸಾಯಬಹುದಾದ ವಯಸ್ಸಿನವರಿಗೆ ಮತ ಹಾಕುವ ಹಕ್ಕೂ ಸಿಕ್ಕಿತ್ತು. 1972ರ ಏಪ್ರಿಲ್ 15ರಂದು ಲಾಸ್ ಏಂಜಲಿಸ್‌ನ ಫೋರಂ ಸಭಾಂಗಣದಲ್ಲಿ ನಟ ವಾರೆನ್ ಬೇಟಿ ಮುಂದಾಳತ್ವದಲ್ಲಿ ಮೆಕ್‌ಗವರ್ನ್ ನಿಧಿಗಾಗಿ ಸಂಗೀತ ಕಾರ್ಯಕ್ರಮ ನಡೆಯಿತು. ಬಾರ್ಬ್ರಾ ಸ್ಟ್ರೈಸಾಂಡ್, ಕ್ಯಾರೊಲ್ ಕಿಂಗ್, ಜೇಮ್ಸ್ ಟೇಲರ್ ಹಾಡಿದರು. ಪ್ರೇಕ್ಷಕರನ್ನು ಅವರವರ ಆಸನಕ್ಕೆ ಕರೆದೊಯ್ದು ಕೂರಿಸಿದವರು ಹಾಲಿವುಡ್‌ನ ತಾರೆಯರು. ಜೂನ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇನ್ನೊಂದು. ಬೇರೆಯಾಗಿದ್ದ ಸೈಮನ್ ಮತ್ತು ಗಾರ್ಫಂಕಲ್ ಆ ರಾತ್ರಿ ಮತ್ತೆ ಜೊತೆಯಾಗಿ ಹಾಡಿದರು.

ನವೆಂಬರ್‌ನಲ್ಲಿ ಎದುರಾಳಿ ರಿಚರ್ಡ್ ನಿಕ್ಸನ್ 50 ರಾಜ್ಯಗಳ ಪೈಕಿ 49ನ್ನು ಗೆದ್ದರು. 18ರಿಂದ 24 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾತ್ರ ಮತ ಹಾಕಿದ್ದರು. ಹಾಕಿದವರೆಲ್ಲ ಮೆಕ್‌ಗವರ್ನ್‌ಗೇ ಹಾಕಿರಲಿಲ್ಲ. ಸಭಾಂಗಣ ತುಂಬಿದ್ದು ದೊಡ್ಡ ನಗರಗಳ, ಆಗಲೇ ಅವರ ಪರವಾಗಿದ್ದ ಯುವಜನರಿಂದ. ಕಾರ್ಖಾನೆಗೆ ಹೋಗುವ, ಹೊಲದಲ್ಲಿ ದುಡಿಯುವ ಅದೇ ವಯಸ್ಸಿನ ಲಕ್ಷಾಂತರ ಜನರನ್ನು ಆ ಹಾಡುಗಳು ಮುಟ್ಟಲಿಲ್ಲ.

ಬ್ರಿಟನ್ನಿನಲ್ಲೂ ಇದೇ ಆಯಿತು. 1985ರ ನವೆಂಬರ್‌ನಲ್ಲಿ ಬಿಲ್ಲಿ ಬ್ರ್ಯಾಗ್, ಪಾಲ್ ವೆಲ್ಲರ್ ಮುಂತಾದ ಗಾಯಕರು ‘ರೆಡ್ ವೆಡ್ಜ್’ ಎಂಬ ಗುಂಪು ಕಟ್ಟಿ, ಲೇಬರ್ ಪಕ್ಷದತ್ತ ಯುವಕರನ್ನು ಸೆಳೆಯಲು ಊರೂರು ಸುತ್ತಿದರು. ರಾತ್ರಿ ಹಾಡು, ಹಗಲು ಸ್ಥಳೀಯ ಸಂಸದರೊಂದಿಗೆ ಯುವಕರ ಮಾತುಕತೆ. 1987ರ ಚುನಾವಣೆಯಲ್ಲಿ ಲೇಬರ್‌ನ ಎದುರಾಳಿ ಮಾರ್ಗರೆಟ್ ಥ್ಯಾಚರ್ ಸತತ ಮೂರನೇ ಬಾರಿ ಗೆದ್ದರು.

ಹಾಗಾದರೆ ಇದೆಲ್ಲ ವ್ಯರ್ಥವೇ? ಮೆಕ್‌ಗವರ್ನ್ ಪ್ರಚಾರದ ಟೆಕ್ಸಾಸ್ ಕಚೇರಿಯಲ್ಲಿ ಆ ವರ್ಷ ದುಡಿದವರಲ್ಲಿ 26 ವರ್ಷದ ಬಿಲ್ ಕ್ಲಿಂಟನ್ ಇದ್ದರು. ಅದೇ ರಾಜ್ಯದಲ್ಲಿ ಮತದಾರರ ನೋಂದಣಿ ಮಾಡಿಸುತ್ತಾ ಓಡಾಡಿದವರು ಹಿಲರಿ ರಾಡಮ್, ಮುಂದಿನ ಹಿಲರಿ ಕ್ಲಿಂಟನ್. ಇಪ್ಪತ್ತು ವರ್ಷಗಳ ನಂತರ 1992ರಲ್ಲಿ ಕ್ಲಿಂಟನ್ ದೇಶದ ಅಧ್ಯಕ್ಷರಾಗಿ ಆಯ್ಕೆಯಾದರು. ಒಂದು ಚುನಾವಣೆಯ ಸೋಲು ಗೆಲುವಿನಲ್ಲಿ ಯುವಕರ ಪಾಲ್ಗೊಳ್ಳುವಿಕೆಯನ್ನು ಅಳೆಯುವುದು ತಪ್ಪು. ಹಾಡು ಕೇಳಿ ಮನೆಗೆ ಹೋದವರು ಹೋದರು. ಕಚೇರಿಗೆ ಬಂದು ಕೆಲಸ ಹಿಡಿದವರು ಉಳಿದರು, ಬೆಳೆದರು.

ಸ್ಯಾಂಡ್‌ವಿಚ್ಚು, ಟೀ ಶರ್ಟು, ಐದು ಡಾಲರಿನ ಊಟ

ಇಂಟರ್‌ನೆಟ್ ಬಂದ ಮೇಲೆ ಸಭಾಂಗಣದ ಅಗತ್ಯವೂ ಇಲ್ಲವಾಯಿತು. 2003ರ ಜುಲೈನಲ್ಲಿ ಉಪಾಧ್ಯಕ್ಷ ಡಿಕ್ ಚೆನಿ ಸೌತ್ ಕೆರೊಲೈನಾದಲ್ಲಿ ತಲಾ 2,000 ಡಾಲರ್‌ಗಳ ನಿಧಿಸಂಗ್ರಹ ಭೋಜನಕೂಟ ಇಟ್ಟುಕೊಂಡಿದ್ದರು. ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆಗೆ ಯತ್ನಿಸುತ್ತಿದ್ದ ಹೋವರ್ಡ್ ಡೀನ್ ಅವರ ತಂಡ ಅದಕ್ಕೊಂದು ಸವಾಲು ಹಾಕಿತು: ಆ ಊಟದಲ್ಲಿ ಎಷ್ಟು ಸೇರುತ್ತದೋ ಅದಕ್ಕಿಂತ ಹೆಚ್ಚು ನಾವು ಜನಸಾಮಾನ್ಯರಿಂದ ಸೇರಿಸೋಣ. ಡೀನ್ ಕಂಪ್ಯೂಟರ್ ಮುಂದೆ ಕುಳಿತು ಟರ್ಕಿ ಸ್ಯಾಂಡ್‌ವಿಚ್ ತಿಂದರು. ದೇಶದ ಮೂಲೆಮೂಲೆಯಿಂದ ಸುಮಾರು ಒಂಬತ್ತೂವರೆ ಸಾವಿರ ಜನ ತಲಾ ಐವತ್ತು ಡಾಲರ್ ಆಸುಪಾಸು ಕೊಟ್ಟರು. ಒಟ್ಟು ಐದು ಲಕ್ಷ ಡಾಲರ್ ದಾಟಿತು, ಚೆನಿಯವರ ಊಟದ ಗಳಿಕೆಯನ್ನು ಮೀರಿಸಿತು.

ಡೀನ್ ಕೂಡ ಸೋತರು. 2004ರ ಜನವರಿಯಲ್ಲಿ ಅಯೋವಾ ರಾಜ್ಯದಲ್ಲಿ ಮೂರನೇ ಸ್ಥಾನಕ್ಕೆ ಕುಸಿದ ಮೇಲೆ ಅವರ ಪ್ರಚಾರ ಚೇತರಿಸಿಕೊಳ್ಳಲಿಲ್ಲ. ಆದರೆ ಅವರ ಪ್ರಚಾರದಲ್ಲಿ ಪಳಗಿದ ತರುಣರು ಸೇರಿ ‘ಬ್ಲೂ ಸ್ಟೇಟ್ ಡಿಜಿಟಲ್’ ಎಂಬ ಸಂಸ್ಥೆ ಕಟ್ಟಿದರು. 2008ರಲ್ಲಿ ಬರಾಕ್ ಒಬಾಮ ಅವರ ಆನ್‌ಲೈನ್ ಪ್ರಚಾರದ ವೇದಿಕೆ ಕಟ್ಟಿಕೊಟ್ಟಿದ್ದು ಅದೇ ಸಂಸ್ಥೆ.

ಒಬಾಮ ತಂಡದ ಉಪಾಯಗಳು ಸರಳವಾಗಿದ್ದವು. 5 ಡಾಲರ್ ಕೊಟ್ಟವರಲ್ಲಿ ನಾಲ್ವರನ್ನು ಆರಿಸಿ ಒಬಾಮ ಜೊತೆ ಊಟಕ್ಕೆ ಕೂರಿಸುವುದು ಒಂದು. ಪ್ರಚಾರ ಭಾಷಣಕ್ಕೆ 25 ಡಾಲರ್‌ಗಳಷ್ಟು ಅಗ್ಗದ ಟಿಕೆಟ್ ಇಟ್ಟು ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು ಬರುವಂತೆ ಮಾಡುವುದು ಇನ್ನೊಂದು. ಟೀ ಶರ್ಟ್, ಬ್ಯಾಡ್ಜ್ ಮಾರುವುದು ಮತ್ತೊಂದು. ಅಮೆರಿಕದ ಕಾನೂನಿನ ಪ್ರಕಾರ ಟೀ ಶರ್ಟಿಗೆ ಕೊಟ್ಟ ಪೂರ್ತಿ ಬೆಲೆ ದೇಣಿಗೆಯೇ. ಹಾಗಾಗಿ ಅಂಗಿ ಕೊಂಡ ಹುಡುಗನೂ ದಾನಿಗಳ ಪಟ್ಟಿ ಸೇರಿದ. ಅವನಿಗೆ ಮರುದಿನ ಬರುತ್ತಿದ್ದ ಸಂದೇಶಗಳಲ್ಲಿ ಇನ್ನಷ್ಟು ಹಣದ ಬೇಡಿಕೆಯ ಜೊತೆಗೆ ಒಂದು ಕೆಲಸವೂ ಇರುತ್ತಿತ್ತು: ನಿಮ್ಮ ಬೀದಿಯಲ್ಲಿ ಸಭೆ ಕರೆಯಿರಿ, ಹತ್ತು ಮನೆಗೆ ಫೋನ್ ಮಾಡಿ, ಪಕ್ಕದ ರಾಜ್ಯಕ್ಕೆ ಹೋಗುವ ಬಸ್ಸು ಹತ್ತಿ. ಮತಗಟ್ಟೆ ಸಮೀಕ್ಷೆಯ ಪ್ರಕಾರ ಆ ವರ್ಷ 30ರೊಳಗಿನ ಮತದಾರರಲ್ಲಿ ಶೇ 66ರಷ್ಟು ಮಂದಿ ಒಬಾಮ ಅವರಿಗೆ ಮತ ಹಾಕಿದರು.

ಈ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಮಾತು ಗಟ್ಟಿಯಾಗುತ್ತವೆ. ದೇಣಿಗೆಯ ಮೊತ್ತ ಯುವಕರ ಕೈಗೆ ಎಟಕುವಂತಿರಬೇಕು. ಕೊಡುವ ರೀತಿ ಅವರ ಬದುಕಿನಲ್ಲಿ ಆಗಲೇ ಇರುವ ಸಂತೋಷಗಳಿಗೆ ಹತ್ತಿರವಿರಬೇಕು. ಇವೆರಡಕ್ಕಿಂತ ಮುಖ್ಯವಾಗಿ, ಕೊಟ್ಟ ಮರುದಿನವೇ ಅವರಿಗೊಂದು ಕೆಲಸ ಸಿಗಬೇಕು. ಮೊದಲೆರಡು ಇದ್ದು ಮೂರನೆಯದು ಇಲ್ಲದಿದ್ದರೆ ಅದು ಮನರಂಜನೆಯಷ್ಟೇ.

ನಮ್ಮ ನೆಲದ ದಾರಿ

ಇದನ್ನು ನಾವು ಅಮೆರಿಕದಿಂದಲೇ ಕಲಿಯಬೇಕಾಗಿಲ್ಲ. ಜನರಿಂದ ಬಿಡಿಗಾಸು ಎತ್ತುವುದರಲ್ಲಿ ಗಾಂಧೀಜಿಯನ್ನು ಮೀರಿಸಿದವರಿಲ್ಲ. 1933-34ರ ಹರಿಜನ ಯಾತ್ರೆಯಲ್ಲಿ ಹಸ್ತಾಕ್ಷರ ಕೇಳಿ ಬಂದವರಿಂದ ಅವರು 5 ರೂಪಾಯಿ ಪಡೆಯುತ್ತಿದ್ದರು. ಸಭೆಯಲ್ಲಿ ಬಂದ ಉಡುಗೊರೆಗಳನ್ನು ಅಲ್ಲೇ ಹರಾಜು ಹಾಕಿ ಹಣವನ್ನು ನಿಧಿಗೆ ಸೇರಿಸುತ್ತಿದ್ದರು. ಮೈಸೂರು, ಕೊಡಗು, ಮಂಗಳೂರು ಭಾಗದಲ್ಲೂ ಆ ಯಾತ್ರೆ ಸಾಗಿತ್ತು. ಹಸ್ತಾಕ್ಷರ ಪಡೆದ ವಿದ್ಯಾರ್ಥಿಯೊಬ್ಬ ಅಸ್ಪೃಶ್ಯತೆಯ ವಿರುದ್ಧದ ಕೆಲಸಕ್ಕೆ ತನ್ನ ಪಾಲನ್ನು ಕೊಟ್ಟೇ ಮನೆಗೆ ಹೋಗುತ್ತಿದ್ದ.

ಚುನಾವಣೆಗೆ ಬಂದರೆ ಕರ್ನಾಟಕದ ದೊಡ್ಡ ಉದಾಹರಣೆ ಶಾಂತವೇರಿ ಗೋಪಾಲಗೌಡರದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಅವರೂ ಪಾಲ್ಗೊಂಡ ಗೇಣಿದಾರರ ಸತ್ಯಾಗ್ರಹ ನಡೆಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಇನ್ನೂ 30 ತುಂಬಿರದ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಅಭ್ಯರ್ಥಿಯಾದರು. ಕೈಯಲ್ಲಿ ಕಾಸಿಲ್ಲ, ಎದುರಿಗೆ ಬಲಾಢ್ಯ ಕಾಂಗ್ರೆಸ್. ಅವರು ಜನರ ಮುಂದಿಟ್ಟ ಬೇಡಿಕೆ: ಒಂದು ವೋಟು, ಒಂದು ನೋಟು.

ಆ ನೋಟನ್ನು ಕೊಟ್ಟವರು ಯಾರೆಂದು ನೆನೆಯಬೇಕು. ಒಡೆಯರ ಮನೆಗೆ ಗೇಣಿ ಅಳೆದು, ಉಳಿದಿದ್ದರಲ್ಲಿ ವರ್ಷ ಕಳೆಯುತ್ತಿದ್ದ ರೈತರು. ಅವರ ಪಾಲಿಗೆ ಒಂದು ರೂಪಾಯಿಯೂ ಭಾರವೇ. ಅಷ್ಟನ್ನು ಕೊಟ್ಟ ಮನೆ ಮತವನ್ನು ಬೇರೆಯವರಿಗೆ ಹಾಕುವ ಮಾತೇ ಇರಲಿಲ್ಲ. ಗೋಪಾಲಗೌಡರು ಗೆದ್ದರು, ವಿಧಾನಸಭೆಯಲ್ಲಿ ಗೇಣಿದಾರರ ದನಿಯಾದರು. ಜನ ಹಣ ಹಾಕಿ ಕಳಿಸಿದ ಶಾಸಕ ಜನರಿಗೇ ಉತ್ತರ ಕೊಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಮಲೆನಾಡಿನ ಆ ಸಮಾಜವಾದಿ ಗರಡಿಯಲ್ಲಿ ಬೆಳೆದ ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ ಮುಂದೆ ಮುಖ್ಯಮಂತ್ರಿಗಳಾದರು, ಕಾಗೋಡು ತಿಮ್ಮಪ್ಪ ವಿಧಾನಸಭಾಧ್ಯಕ್ಷರಾದರು. ಅದೇ ಘೋಷಣೆಯನ್ನು ಮುಂದೆ ರೈತ ಸಂಘ ಎತ್ತಿಕೊಂಡಿತು. ಹಸಿರು ಶಾಲಿನ ಅಭ್ಯರ್ಥಿಗಳು ಹಳ್ಳಿಹಳ್ಳಿಯಲ್ಲಿ ಮತದ ಜೊತೆ ಚಂದಾ ಕೇಳಿದರು.

ಇತ್ತೀಚಿನ ಪ್ರಯೋಗಗಳೂ ಇವೆ. 2013ರ ಆಗಸ್ಟ್‌ನಲ್ಲಿ ಹೈದರಾಬಾದಿನ ಎಲ್.ಬಿ. ಕ್ರೀಡಾಂಗಣದಲ್ಲಿ ನರೇಂದ್ರ ಮೋದಿಯವರ ಯುವ ಸಮಾವೇಶಕ್ಕೆ ಬಿಜೆಪಿ 5 ರೂಪಾಯಿ ನೋಂದಣಿ ಶುಲ್ಕ ಇಟ್ಟಿತು. ಆ ಹಣವನ್ನು ಉತ್ತರಾಖಂಡದ ಪ್ರವಾಹ ಪರಿಹಾರಕ್ಕೆ ಮೀಸಲಿಟ್ಟಿತು. ಮೊತ್ತ ಸಣ್ಣದು, ಆದರೆ ಹಣ ಕೊಟ್ಟು ಜನರನ್ನು ಕರೆತರುವ ರೂಢಿಗೆ ಅದು ತದ್ವಿರುದ್ಧ. ಅದೇ ವರ್ಷ ದೆಹಲಿ ವಿಧಾನಸಭಾ ಚುನಾವಣೆಗೆ ಆಮ್ ಆದ್ಮಿ ಪಕ್ಷ 20 ಕೋಟಿ ರೂಪಾಯಿ ಗುರಿ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ದೇಣಿಗೆ ಎತ್ತಿತು. ಗುರಿ ಮುಟ್ಟಿದ ಕೂಡಲೇ ಇನ್ನು ಹಣ ಬೇಡ ಎಂದು ಹೇಳಿತು. ಆದರೆ ಕೆಲವೇ ತಿಂಗಳಲ್ಲಿ, 2014ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಬೆಂಗಳೂರಿನಲ್ಲಿ ಅರವಿಂದ ಕೇಜ್ರಿವಾಲ್ ಜೊತೆ ಊಟಕ್ಕೆ ತಲಾ 20,000 ರೂಪಾಯಿ ಎಂದಾಯಿತು. ಆ ಊಟದ ಮೇಜು ಯಾವ ವಿದ್ಯಾರ್ಥಿಗೆ ಎಟಕೀತು? ದೇಣಿಗೆಯ ದಾರಿ ಹೊಸದಾಗಿದ್ದರೆ ಸಾಲದು, ಅದರ ಬಾಗಿಲು ಎಷ್ಟು ಅಗಲವಿದೆ ಎಂಬುದೂ ಮುಖ್ಯ.

ಈ ಹೊತ್ತಿಗೆ ಏಕೆ ಬೇಕು

ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ. ಪಕ್ಷಗಳ ಖರ್ಚಿಗೆ ಮಿತಿಯೇ ಇಲ್ಲ. ಯಾರು ಯಾರಿಗೆ ಕೊಟ್ಟರೆಂದು ಜನರಿಗೆ ತಿಳಿಯದಂತಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅಸಾಂವಿಧಾನಿಕವೆಂದು ರದ್ದುಪಡಿಸಿತು. ದೊಡ್ಡ ಕೊಡುಗೆ ಕೊಟ್ಟವರು ದೊಡ್ಡ ಪ್ರತಿಫಲ ಬಯಸುತ್ತಾರೆ ಎಂಬ ಅನುಮಾನ ಜನರಲ್ಲಿ ಬೇರೂರಿದೆ. ಅದನ್ನು ಕೀಳಲು ಕೋರ್ಟಿನ ತೀರ್ಪೊಂದೇ ಸಾಲದು. ದೊಡ್ಡ ಹಣದ ಜಾಗಕ್ಕೆ ಸಣ್ಣ ಹಣ ಬರಬೇಕು. ಹನಿಗೂಡಿದರೆ ಹಳ್ಳ ಎಂಬುದು ಚುನಾವಣೆಗೂ ಸಲ್ಲುವ ಮಾತು.

1989ರಿಂದ ನಮ್ಮಲ್ಲೂ 18 ತುಂಬಿದವರು ಮತದಾರರು. 21ಕ್ಕೆ ಗ್ರಾಮ ಪಂಚಾಯಿತಿ ಸದಸ್ಯರಾಗಬಹುದು, 25ಕ್ಕೆ ಶಾಸಕರಾಗಬಹುದು. ಹಣವಿಲ್ಲದ ಯುವ ಅಭ್ಯರ್ಥಿಗಳಿಗೆ ದಾರಿ ತೋರುವ ಸಂಪ್ರದಾಯಗಳೂ ನಮ್ಮಲ್ಲೇ ಇವೆ. ಶಾಲೆಯ ಕಟ್ಟಡಕ್ಕೆ, ಸಂಘದ ಕಟ್ಟಡಕ್ಕೆ ಸಹಾಯಾರ್ಥ ನಾಟಕ, ಸಹಾಯಾರ್ಥ ಯಕ್ಷಗಾನ ಆಡಿಸುವುದು ನಮಗೆ ಹೊಸದಲ್ಲ. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗೆ ಪ್ರವೇಶ ಶುಲ್ಕ ಕಟ್ಟಿ ತಂಡ ಕಟ್ಟದ ಹಳ್ಳಿಯ ಹುಡುಗರಿಲ್ಲ. ಗಣಪತಿ ಕೂರಿಸಲು ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿ, ಹಬ್ಬ ಮುಗಿದ ಮೇಲೆ ಜಮಾಖರ್ಚು ಒಪ್ಪಿಸುವ ಯುವಕ ಸಂಘಗಳು ಊರೂರಲ್ಲಿವೆ. ಈ ಅನುಭವವನ್ನು ತಮಗೆ ಒಪ್ಪಿಗೆಯಾದ ಅಭ್ಯರ್ಥಿಯ ಪರವಾಗಿ, ಪ್ರಾಮಾಣಿಕವಾಗಿ ಏಕೆ ಬಳಸಬಾರದು?

ಎಚ್ಚರ ವಹಿಸಬೇಕಾದ ಸಂಗತಿಗಳಿವೆ. ಮತದಾರರಿಗೆ ಪುಕ್ಕಟೆ ಊಟ, ಉಡುಗೊರೆ ಹಂಚುವುದು ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ. ನಿಧಿಸಂಗ್ರಹದ ಹೆಸರಲ್ಲಿ ಅದೇ ನಡೆಯಬಾರದು. ಅಭ್ಯರ್ಥಿ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕೆಂಬ ನಿಯಮವಿದೆ. ಸೇರಿದ ಹಣವೆಲ್ಲ ಅಲ್ಲಿಗೇ ಹೋಗಬೇಕು. ಕಾರ್ಯಕ್ರಮದ ಖರ್ಚು ಲೆಕ್ಕಕ್ಕೆ ಬರಬೇಕು. ಕಲಾವಿದರ ಆಕರ್ಷಣೆಯನ್ನೇ ನಂಬಿ ಕೂರಬಾರದು. ಮೆಕ್‌ಗವರ್ನ್ ಕಥೆ ಹೇಳುವುದು ಅದನ್ನೇ. ನಗರದ ಕಾಲೇಜುಗಳಿಗಷ್ಟೇ ಹೋಗಿ ಬಂದರೆ ಗಾರ್ಮೆಂಟ್ಸ್ ಕಾರ್ಖಾನೆಯ ಹುಡುಗಿ, ಆಟೊ ಓಡಿಸುವ ಹುಡುಗ, ಕಾಫಿ ತೋಟದ ಕಾರ್ಮಿಕನ ಮಗ ಹೊರಗೇ ಉಳಿಯುತ್ತಾರೆ. ಅವರೂ ಕೊಡಬಲ್ಲಷ್ಟು ಮೊತ್ತ ಕೇಳಬೇಕು, ಅವರಿರುವಲ್ಲಿಗೇ ಹೋಗಿ ಕೇಳಬೇಕು.

ಈ ಲೇಖನ ಓದುತ್ತಿರುವ ತರುಣ ತರುಣಿಯರಲ್ಲಿ ಒಂದು ಮನವಿ. ಮುಂದಿನ ಚುನಾವಣೆಯಲ್ಲಿ, ಅದು ಪಂಚಾಯಿತಿಯದ್ದಾಗಲಿ ವಿಧಾನಸಭೆಯದ್ದಾಗಲಿ, ನೀವು ನಂಬುವ ಒಬ್ಬ ಅಭ್ಯರ್ಥಿಯನ್ನು ಆರಿಸಿಕೊಳ್ಳಿ. ಯಾವ ಪಕ್ಷವೆಂಬುದು ನಿಮ್ಮ ಆಯ್ಕೆ. ಹತ್ತು ರೂಪಾಯಿಯಾದರೂ ಸರಿ, ನಿಮ್ಮ ದುಡಿಮೆಯದನ್ನು ಕೊಡಿ, ರಸೀದಿ ಪಡೆಯಿರಿ, ಜೊತೆಗೊಂದು ಕೆಲಸವನ್ನೂ ಕೇಳಿ ಪಡೆಯಿರಿ. ವಿಧಾನಸಭೆ, ಲೋಕಸಭೆಗೆ ಸ್ಪರ್ಧಿಸಿದ ಪ್ರತಿಯೊಬ್ಬರೂ ಫಲಿತಾಂಶ ಬಂದ 30 ದಿನಗಳೊಳಗೆ ತಮ್ಮ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಲೇಬೇಕು. ಅಲ್ಪ ಶುಲ್ಕ ಕಟ್ಟಿ ಅದನ್ನು ಯಾರು ಬೇಕಾದರೂ ನೋಡಬಹುದು. ಆ ಕಚೇರಿಗೆ ಹೋಗಿ, ಕಡತ ತೆರೆಸಿ, ನಿಮ್ಮ ಹತ್ತು ರೂಪಾಯಿ ಎಲ್ಲಿ ಹೋಯಿತೆಂದು ಓದಿ ನೋಡಿ. ಕೂಲಿ ಪಡೆದವನಿಗೆ ಈ ಲೆಕ್ಕ ಕೇಳುವ ದನಿಯಿರುವುದಿಲ್ಲ. ಕೊಟ್ಟವರಿಗೆ ಇದೆ, ಅದನ್ನು ಬಳಸಿ.